57 ಜಿ/11: ಒಂದು ಹಾಳೆಯೊಳಗಿನ ಬೆಟ್ಟಗಳು

ನಂದಿ ಬೆಟ್ಟ ಹತ್ತಿದವರಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆಯೊಂದಿದೆ: ಇದು ಹಿಂದೊಮ್ಮೆ ಜ್ವಾಲಾಮುಖಿಯಾಗಿತ್ತೇ? ಪ್ರಶ್ನೆ ಸಹಜವಾದದ್ದೇ. ರಾಗಿ ಹೊಲ, ದ್ರಾಕ್ಷಿ ತೋಟಗಳ ಬಯಲಿನಿಂದ ಐದಾರು ನೂರು ಮೀಟರ್ ಎತ್ತರಕ್ಕೆ ಒಮ್ಮೆಲೇ ಎದ್ದು ನಿಂತ ಬಂಡೆ ಅದು. ಮಾಕಳಿದುರ್ಗ, ಶಿವಗಂಗೆ, ಹುಲುಕುಡಿ ಬೆಟ್ಟಗಳೂ ಹಾಗೆಯೇ, ಯಾರೋ ತಂದಿಟ್ಟಂತೆ ಒಂಟಿಯಾಗಿ ನಿಂತಿವೆ. ನೆಲದ ಹೊಟ್ಟೆಯೊಳಗಿಂದ ಏನೋ ಉಕ್ಕಿ ಬಂದಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ.

ಇದಕ್ಕೆ ಉತ್ತರ ಹುಡುಕಲು ಬೆಟ್ಟಕ್ಕೇ ಹೋಗಬೇಕೆಂದಿಲ್ಲ. ಸರ್ವೇ ಆಫ್ ಇಂಡಿಯಾ ಅಚ್ಚು ಮಾಡಿದ ಒಂದು ಹಾಳೆ ಸಾಕು. ಆ ಹಾಳೆಯ ಸಂಖ್ಯೆ 57 ಜಿ/11.

ಹಾಳೆಯ ವಿಳಾಸ

ಈ ಸಂಖ್ಯೆಯಲ್ಲಿ ಗುಟ್ಟೇನೂ ಇಲ್ಲ, ಇದೊಂದು ವಿಳಾಸ. ಭಾರತ ಮತ್ತು ಸುತ್ತಲಿನ ದೇಶಗಳನ್ನು ನಾಲ್ಕು ಡಿಗ್ರಿ ಅಗಲ, ನಾಲ್ಕು ಡಿಗ್ರಿ ಎತ್ತರದ ಚೌಕಗಳಾಗಿ ಕತ್ತರಿಸಿ ಒಂದೊಂದಕ್ಕೂ ಒಂದು ಅಂಕಿ ಕೊಟ್ಟಿದ್ದಾರೆ. 57 ಎಂದರೆ ಪೂರ್ವ ರೇಖಾಂಶ 76ರಿಂದ 80, ಉತ್ತರ ಅಕ್ಷಾಂಶ 12ರಿಂದ 16ರ ನಡುವಿನ ಚೌಕ. ಅದನ್ನು ಮತ್ತೆ ಹದಿನಾರು ಮಾಡಿದರೆ ಎ ಯಿಂದ ಪಿ ವರೆಗೆ ಒಂದೊಂದು ಡಿಗ್ರಿಯ ತುಂಡುಗಳು. ಅವುಗಳಲ್ಲಿ ‘ಜಿ’ ನಮ್ಮದು. ಅದನ್ನೂ ಹದಿನಾರು ಮಾಡಿದರೆ ಕಾಲು ಡಿಗ್ರಿಯ, ಅಂದರೆ ನೆಲದ ಮೇಲೆ ಉದ್ದಕ್ಕೂ ಅಗಲಕ್ಕೂ ಸುಮಾರು 27 ಕಿಲೋಮೀಟರ್ ಬರುವ ಹಾಳೆಗಳು ಸಿಗುತ್ತವೆ. ಎಣಿಕೆ ಎಡ ಮೇಲ್ಮೂಲೆಯಿಂದ ಶುರುವಾಗಿ ಕೆಳಕ್ಕೆ ಬರುತ್ತದೆ.

ಹೀಗೆ ಎಣಿಸಿದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆ ಹಲವು ಹಾಳೆಗಳಿಗೆ ಹಂಚಿಹೋಗಿದೆ. ನೆಲಮಂಗಲ 57 ಜಿ/8ರಲ್ಲಿದೆ, ಅದೇ ತಾಲ್ಲೂಕಿನ ಶಿವಗಂಗೆ 57 ಜಿ/4ರಲ್ಲಿದೆ. ಹೊಸಕೋಟೆ 57 ಜಿ/16ರಲ್ಲಿ. ದೇವನಹಳ್ಳಿ 57 ಜಿ/12ರ ಮೇಲಂಚಿಗೆ ಅಂಟಿಕೊಂಡಿದೆ. ದೊಡ್ಡಬಳ್ಳಾಪುರ, ಘಾಟಿ ಸುಬ್ರಹ್ಮಣ್ಯ, ಮತ್ತು ಇಂದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ನಂದಿ, ಈ ಮೂರೂ ಒಂದೇ ಹಾಳೆಯಲ್ಲಿ ಬರುತ್ತವೆ. ಅದು 57 ಜಿ/11. ಜಿಲ್ಲೆಯ ಗಡಿಗಳು ಸರ್ಕಾರದ ಆದೇಶಕ್ಕೆ ತಕ್ಕಂತೆ ಬದಲಾಗುತ್ತವೆ. ಹಾಳೆಯ ಗಡಿ ಅಕ್ಷಾಂಶ ರೇಖಾಂಶಗಳಿಗೆ ಕಟ್ಟುಬಿದ್ದದ್ದು, ಅದು ಕದಲುವುದಿಲ್ಲ. ನೂರು ವರ್ಷ ಹಿಂದಿನ ಹಾಳೆಯನ್ನೂ ಇಂದಿನದನ್ನೂ ಅಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಗುವುದು ಇದರಿಂದಲೇ.

ಸರಪಳಿಯಿಂದ ಶುರು

ಈ ಬೆಟ್ಟಗಳಿಗೂ ನಕ್ಷೆಗೂ ನಂಟು ಬೆಳೆದದ್ದು ಯುದ್ಧದ ಕಾರಣದಿಂದ. 1791ರಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ದೇವನಹಳ್ಳಿಯ ಕೋಟೆಯನ್ನು, ಅಕ್ಟೋಬರಿನಲ್ಲಿ ನಂದಿದುರ್ಗವನ್ನು, ಡಿಸೆಂಬರಿನಲ್ಲಿ ಸಾವನದುರ್ಗವನ್ನು ಹಿಡಿಯಿತು. ಮೈಸೂರು ಸೀಮೆಯ ದುರ್ಗಗಳು ಎಲ್ಲಿವೆ, ಅವುಗಳ ನಡುವೆ ದಾರಿ ಹೇಗಿದೆ, ಸೈನ್ಯಕ್ಕೂ ಎತ್ತುಗಳಿಗೂ ನೀರು ಯಾವ ಕೆರೆಯಲ್ಲಿ ಸಿಗುತ್ತದೆ ಎಂಬುದು ಆಗ ಸೇನಾಧಿಪತಿಗಳ ಚಿಂತೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಅದು ಆಡಳಿತದ ಚಿಂತೆಯಾಯಿತು.

ಕೆಲಸ ಇಬ್ಬರ ಕೈಗೆ ಬಂತು. ಒಬ್ಬ ಕಾಲಿನ್ ಮೆಕೆಂಜಿ, ಮುಂದೆ 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದವನು. ಅವನ ತಂಡ ಸುಮಾರು 40,000 ಚದರ ಮೈಲಿಯಷ್ಟು ಸೀಮೆಯಲ್ಲಿ ಊರು, ಕೆರೆ, ಕೋಟೆ, ದಾರಿಗಳನ್ನು ಗುರುತಿಸುತ್ತ ಹೋಯಿತು. ಕಾವಲಿ ವೆಂಕಟ ಬೋರಯ್ಯನಂಥ ಸಹಾಯಕರು ಶಾಸನ, ಕೈಫಿಯತ್ತುಗಳನ್ನೂ ಜೊತೆಗೇ ಸಂಗ್ರಹಿಸಿದರು.

ಇನ್ನೊಬ್ಬ ವಿಲಿಯಂ ಲ್ಯಾಂಬ್ಟನ್. ಅವನಿಗೆ ಊರುಗಳಿಗಿಂತ ಅವುಗಳ ನಡುವಿನ ಅಂತರದ ಮೇಲೆ ಕಣ್ಣು. 1800ರ ಕೊನೆಯ ತಿಂಗಳುಗಳಲ್ಲಿ ಅವನು ಬೆಂಗಳೂರಿನ ಬಳಿ ಸುಮಾರು 7.4 ಮೈಲಿ ಉದ್ದದ ಒಂದು ನೇರ ಗೆರೆಯನ್ನು ಅಳೆದ. ಅಳೆಯಲು ಬಳಸಿದ್ದು ನೂರು ಅಡಿಯ ಉಕ್ಕಿನ ಸರಪಳಿ. ಎರಡೂವರೆ ಅಡಿಯ ನಲವತ್ತು ಸರಳುಗಳನ್ನು ಜೋಡಿಸಿ ಅದನ್ನು ಮಾಡಿದ್ದರು. ಬ್ರಿಟಿಷ್ ರಾಯಭಾರಿ ಮೆಕಾರ್ಟ್ನಿ ಚೀನಾದ ಚಕ್ರವರ್ತಿಗೆಂದು ಒಯ್ದ ಉಡುಗೊರೆಗಳಲ್ಲಿ ಅದೂ ಇತ್ತು. ಅಲ್ಲಿ ಯಾರಿಗೂ ಬೇಡವಾಗಿ, ಕಲ್ಕತ್ತೆ ಸುತ್ತಿ ನಮ್ಮ ಬಯಲಿಗೆ ಬಂದು ಸೇರಿತು.

ನೂರು ಅಡಿಯ ಸರಪಳಿಯನ್ನು 390 ಸಲ ಹಾಸಿದರೆ ಮುಗಿಯಿತಲ್ಲ, ಇದರಲ್ಲೇನು ಕಷ್ಟ? ಕಷ್ಟ ಇದ್ದದ್ದು ಬಿಸಿಲಿನಲ್ಲಿ. ಹತ್ತು ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ನೂರು ಅಡಿಯ ಉಕ್ಕು ಸುಮಾರು 3.5 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ತಾನೆ ಎನ್ನಬಹುದು. ಆದರೆ 390 ಸಲ ಹಾಸುವಾಗ ಆ ತಪ್ಪು ಕೂಡುತ್ತ ಹೋಗಿ ಸುಮಾರು 1.4 ಮೀಟರ್ ಆಗುತ್ತದೆ. ಬೆಳಗಿನ ಚಳಿಯಲ್ಲಿ ಅಳೆದವನಿಗೂ ಮಧ್ಯಾಹ್ನ ಅಳೆದವನಿಗೂ ಲೆಕ್ಕ ತಾಳೆಯಾಗುವುದಿಲ್ಲ. ಅದಕ್ಕೇ ಸರಪಳಿಯನ್ನು ಮರದ ತೊಟ್ಟಿಗಳೊಳಗೆ ಮಟ್ಟಸವಾಗಿ ಮಲಗಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಪ್ರತಿ ಸಲವೂ ಉಷ್ಣತೆ ಬರೆದುಕೊಂಡು ಲೆಕ್ಕ ತಿದ್ದುತ್ತಿದ್ದರು.

ಇಷ್ಟೆಲ್ಲ ಜೋಪಾನ ಯಾಕೆಂದರೆ, ಮುಂದಿನ ಎಲ್ಲ ಅಳತೆಗೂ ಆ ಒಂದು ಗೆರೆಯೇ ಬುಡ. ತ್ರಿಕೋನದ ಒಂದು ಬದಿಯ ಉದ್ದವೂ ಎರಡು ಕೋನಗಳೂ ಗೊತ್ತಿದ್ದರೆ ಉಳಿದೆರಡು ಬದಿಗಳನ್ನು ಲೆಕ್ಕ ಹಾಕಿಯೇ ಪಡೆಯಬಹುದು. ಹೊಸದಾಗಿ ಸಿಕ್ಕ ಬದಿಯ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ಹೀಗೆ ಸರಪಳಿ ಹಿಡಿಯದೆಯೇ ನೂರಾರು ಮೈಲಿ ದಾಟಬಹುದು. ಬೇಕಾದದ್ದು ಇಷ್ಟೇ: ಒಂದರಿಂದ ಇನ್ನೊಂದು ಕಾಣುವ ಎತ್ತರದ ಜಾಗಗಳು. ಆ ಲೆಕ್ಕದಲ್ಲಿ ಬೆಂಗಳೂರು ಸೀಮೆಯಂಥ ಜಾಗ ಇನ್ನೊಂದಿರಲಿಲ್ಲ. ಸಾವನದುರ್ಗ ಲ್ಯಾಂಬ್ಟನ್ನನ ಮೊದಲ ತ್ರಿಕೋನಗಳಲ್ಲೇ ಒಂದು ಮೂಲೆಯಾಯಿತು. 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಶುರುವಾಗಿ, ಹಿಮಾಲಯದವರೆಗೂ ಹೋದ ಮಹಾ ತ್ರಿಕೋನಮಿತಿ ಸರ್ವೆಗೆ ಇಲ್ಲಿ ಪೂರ್ವಾಭ್ಯಾಸವಾಗಿತ್ತು.

ಈ ಬೆಟ್ಟಗಳು ಎಷ್ಟು ದೂರ ಕಾಣುತ್ತವೆ? ಸುತ್ತಲ ಬಯಲು ಸಮುದ್ರಮಟ್ಟದಿಂದ ಸುಮಾರು 900 ಮೀಟರ್, ನಂದಿಯ ತುದಿ 1,478 ಮೀಟರ್. ಈ 570ಕ್ಕೂ ಹೆಚ್ಚು ಮೀಟರ್ ಮೇಲಿಂದ ನೋಡಿದರೆ ಬಾನಂಚು ಸುಮಾರು 85 ಕಿಲೋಮೀಟರ್ ಆಚೆಗಿರುತ್ತದೆ. ಸಾವನದುರ್ಗ ಇರುವುದು 65 ಕಿಲೋಮೀಟರ್ ದೂರದಲ್ಲಿ. ಅಷ್ಟು ದೂರದಲ್ಲಿ ಭೂಮಿಯ ಬಾಗು ವಸ್ತುವನ್ನು ಸುಮಾರು 330 ಮೀಟರ್ ಕೆಳಕ್ಕೆ ತಳ್ಳಿ ತೋರಿಸುತ್ತದೆ. ಭೂಮಿ ಚಪ್ಪಟೆ ಎಂದುಕೊಂಡು ಲೆಕ್ಕ ಹಾಕಿದರೆ ಬೆಟ್ಟದ ಎತ್ತರದಲ್ಲಿ ಅಷ್ಟೂ ತಪ್ಪುತ್ತದೆ. ಸರ್ವೆಯವರಿಗೆ ಭೂಮಿ ಗುಂಡಗಿರುವುದು ನಿತ್ಯದ ಕೂಡು-ಕಳೆ ಲೆಕ್ಕದ ವಿಷಯವಾಗಿತ್ತು.

1868ರಲ್ಲಿ ಬೆಂಗಳೂರಿನಲ್ಲಿ ಮತ್ತೊಮ್ಮೆ ಇಂಥ ಬುಡದ ಗೆರೆಯನ್ನು, ಅಂದರೆ ಮೂಲರೇಖೆಯನ್ನು, ಅಳೆದರು. ಈ ಸಲ ಸರಪಳಿಯ ಬದಲು ಕೋಲ್ಬಿ ದಂಡಗಳು. ಹಿತ್ತಾಳೆ ಮತ್ತು ಕಬ್ಬಿಣ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದನ್ನೇ ಉಪಯೋಗಿಸಿಕೊಂಡು, ಬಿಸಿಲಿರಲಿ ನೆರಳಿರಲಿ ಎರಡು ಗುರುತುಗಳ ನಡುವಿನ ಅಂತರ ಬದಲಾಗದಂತೆ ಮಾಡಿದ ಹತ್ತು ಅಡಿಯ ಜೋಡಿ ಸರಳುಗಳು ಅವು. ಆ ಗೆರೆಯ ಒಂದು ತುದಿ ಇಂದಿನ ಮೇಖ್ರಿ ವೃತ್ತದಲ್ಲಿದೆ. ಇನ್ನೊಂದು ತುದಿ ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರಿನಲ್ಲಿತ್ತು. ಅಲ್ಲಿದ್ದ ಹಳೆಯ ಗೋಪುರ 2024ರಲ್ಲಿ ನೆಲಸಮವಾಯಿತು.

ಬೆಟ್ಟಕ್ಕೆ ಗೆರೆ ಬಂದ ಬಗೆ

ತ್ರಿಕೋನಗಳು ಬೆಟ್ಟದ ತುದಿಯನ್ನು ಹಿಡಿದುಕೊಟ್ಟವು. ಬೆಟ್ಟದ ಮೈ, ಕಣಿವೆ, ಹಳ್ಳ, ಹೊಲಗಳನ್ನು ತುಂಬುವ ಕೆಲಸ ಪ್ಲೇನ್ ಟೇಬಲ್ ಹೊತ್ತವರದು. ಮೂರು ಕಾಲಿನ ಮೇಲೊಂದು ಹಲಗೆ, ಹಲಗೆಗೆ ಬಿಗಿದ ಕಾಗದ, ಗುರಿ ನೋಡುವ ಒಂದು ಪಟ್ಟಿ. ಕಾಗದದ ಮೇಲೆ ಬೆಟ್ಟದ ತುದಿಗಳನ್ನು ಮೊದಲೇ ಚುಕ್ಕಿ ಇಟ್ಟಿರುತ್ತಾರೆ. ಸರ್ವೆಯವನು ಯಾವುದೋ ಹೊಲದ ಬದುವಿನಲ್ಲಿ ನಿಂತು ಮೂರು ಬೆಟ್ಟಗಳಿಗೆ ಗುರಿ ಹಿಡಿದು, ಆ ಚುಕ್ಕಿಗಳಿಂದ ತನ್ನ ಕಡೆಗೆ ಗೆರೆ ಎಳೆಯುತ್ತಾನೆ. ಮೂರೂ ಗೆರೆ ಕೂಡುವ ಕಡೆ ಅವನು ನಿಂತಿದ್ದಾನೆ. ಕೂಡದೆ ನಡುವೆ ಪುಟ್ಟ ತ್ರಿಕೋನ ಬಿದ್ದರೆ ಹಲಗೆ ಸೊಟ್ಟಗಿದೆ ಎಂದರ್ಥ. ತಿರುಗಿಸಿ ಮತ್ತೆ ಎಳೆಯಬೇಕು. ಇಂದು ಮೊಬೈಲ್ ಫೋನು ಉಪಗ್ರಹಗಳಿಂದ ಮಾಡುವುದನ್ನು ಅವನು ಬೆಟ್ಟಗಳಿಂದ ಮಾಡುತ್ತಿದ್ದ.

ಹಳೆಯ ನಕ್ಷೆಗಳಲ್ಲಿ ಬೆಟ್ಟ ಕಾಣುವುದು ಕಂಬಳಿಹುಳದ ಹಾಗೆ. ಇಳಿಜಾರಿನ ದಿಕ್ಕಿಗೆ ಸಣ್ಣ ಸಣ್ಣ ಗೀರುಗಳು, ಕಡಿದಾದ ಕಡೆ ದಟ್ಟ, ಮೆಲ್ಲನೆ ಇಳಿಯುವ ಕಡೆ ತೆಳು. ನೋಡಲು ಚೆಂದ. ಆದರೆ ಎತ್ತರವೆಷ್ಟು ಎಂದು ಕೇಳಿದರೆ ಅದು ಬಾಯಿ ಬಿಡುವುದಿಲ್ಲ. 1905ರ ಸುಮಾರಿಗೆ ಸರ್ವೇ ಆಫ್ ಇಂಡಿಯಾ ತನ್ನ ಪದ್ಧತಿಯನ್ನು ಹೊಸದಾಗಿಸಿದ ಮೇಲೆ ಒಂದು ಅಂಗುಲಕ್ಕೆ ಒಂದು ಮೈಲಿಯ ಬಣ್ಣದ ಹಾಳೆಗಳು ಬರತೊಡಗಿದವು. ಗೀರುಗಳ ಜಾಗಕ್ಕೆ ಕಂದು ಬಣ್ಣದ ಸಮೋನ್ನತಿ ರೇಖೆಗಳು ಬಂದವು. ನೀರಿಗೆ ನೀಲಿ, ಸಾಗುವಳಿಗೆ ಹಳದಿ, ಕಾಡಿಗೆ ಹಸಿರು, ಊರು ರಸ್ತೆಗಳಿಗೆ ಕೆಂಪು.

ಒಂದೇ ಎತ್ತರದಲ್ಲಿರುವ ಜಾಗಗಳನ್ನೆಲ್ಲ ಸೇರಿಸಿ ಎಳೆದದ್ದು ಸಮೋನ್ನತಿ ರೇಖೆ. ಸ್ವಾತಂತ್ರ್ಯದ ನಂತರ ಬಂದ 1:50,000 ಪ್ರಮಾಣದ ಹಾಳೆಗಳಲ್ಲಿ ನಮ್ಮ ಕಡೆ ಇಪ್ಪತ್ತು ಮೀಟರಿಗೊಂದು ಗೆರೆ. ನಂದಿಯ ಬುಡದಿಂದ ತುದಿಗೆ ಹತ್ತಿರ ಹತ್ತಿರ 28 ಗೆರೆಗಳು. ಬಂಡೆ ಕಡಿದಾಗಿರುವ ಕಡೆ ಅವು ಒಂದರ ಮೇಲೊಂದು ಬಿದ್ದು ಕಂದು ಪಟ್ಟಿಯೇ ಆಗಿಬಿಡುತ್ತವೆ. ಹೊಸಕೋಟೆಯ ಕಡೆಗೆ ಬಂದರೆ ಒಂದು ಗೆರೆಗೂ ಇನ್ನೊಂದಕ್ಕೂ ನಡುವೆ ಹಲವು ಊರುಗಳೇ ಇರುತ್ತವೆ.

ಜ್ವಾಲಾಮುಖಿಯ ಗುರುತು ಎಲ್ಲಿ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಜ್ವಾಲಾಮುಖಿಯ ನಕ್ಷೆ ಹೇಗಿರುತ್ತದೆ ಎಂದು ನೋಡಲು ಅಂಡಮಾನಿನ ಬ್ಯಾರನ್ ದ್ವೀಪಕ್ಕೆ ಹೋಗಬೇಕು. ಭಾರತದ ಏಕೈಕ ಜೀವಂತ ಜ್ವಾಲಾಮುಖಿ ಅದು. ಜನವಸತಿಯಿಲ್ಲದ ಆ ದ್ವೀಪವನ್ನು 1884ರಲ್ಲಿ ಸರ್ವೇ ಆಫ್ ಇಂಡಿಯಾದ ಕ್ಯಾಪ್ಟನ್ ಹಾಬ್‌ಡೇ ಅಳೆದು ನಕ್ಷೆ ಮಾಡಿದ. ಭೂವಿಜ್ಞಾನಿ ಮ್ಯಾಲೆಟ್ ಅದರ ವಿವರ ಬರೆದ. ಹೊರಗೆ ಸುಮಾರು ಎರಡು ಕಿಲೋಮೀಟರ್ ಅಗಲದ ಉಂಗುರದಂಥ ಗೋಡೆ, ಪಶ್ಚಿಮಕ್ಕೆ ಅದು ಒಡೆದು ಸಮುದ್ರಕ್ಕೆ ಬಾಗಿಲಾಗಿದೆ. ನಡುವೆ ತಗ್ಗು, ತಗ್ಗಿನ ನಡುವೆ ಶಂಕುವಿನಾಕಾರದ ಗುಡ್ಡ, ಅದರ ನೆತ್ತಿಯಲ್ಲಿ ಕುಳಿ. ಗೆರೆಗಳು ಏರಿ, ಇಳಿದು, ಮತ್ತೆ ಏರಿ, ಮತ್ತೆ ಇಳಿಯುತ್ತವೆ. 1991ರಲ್ಲಿ ಅದು ಮತ್ತೆ ಸಿಡಿದ ಮೇಲೆ ಆ ಗುಡ್ಡದ ರೂಪವೇ ಬದಲಾಯಿತು. ಹಳೆಯ ರೂಪಕ್ಕೆ ಹಳೆಯ ನಕ್ಷೆಯೇ ಸಾಕ್ಷಿ.

ಇನ್ನೊಂದು ಬಗೆಯ ಲಾವಾ ಉತ್ತರ ಕರ್ನಾಟಕದ್ದು. ಬೆಳಗಾವಿ, ವಿಜಯಪುರ, ಕಲಬುರಗಿಗಳ ಕಡೆಯ ಕಪ್ಪುಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಡೆಕ್ಕನ್ ಲಾವಾ. ಅಲ್ಲಿನ ಹಾಳೆಗಳಲ್ಲಿ ಗುಡ್ಡಗಳ ನೆತ್ತಿ ಸಪಾಟು, ಬದಿಯಲ್ಲಿ ಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಗುಂಪುಗೂಡುತ್ತವೆ.

57 ಜಿ/11ರಲ್ಲಿ ಈ ಎರಡೂ ಇಲ್ಲ. ನೆತ್ತಿಯಲ್ಲಿ ಕುಳಿಯಿಲ್ಲ, ಬದಿಯಲ್ಲಿ ಮೆಟ್ಟಿಲಿಲ್ಲ. ಇಲ್ಲಿನ ಬೆಟ್ಟ ಗುಂಡು. ಗೆರೆಗಳು ಸುತ್ತಲೂ ಒತ್ತಾಗಿ ಸುತ್ತಿ, ಮೇಲಕ್ಕೆ ಹೋದಂತೆ ಸಡಿಲವಾಗುತ್ತವೆ. ಇದು ಗ್ರಾನೈಟ್ ಬಳಗದ ಕಲ್ಲಿನ ಸಹಿ. ಈ ಕಲ್ಲು ನೆಲದ ಕೆಳಗೆ ಕಿಲೋಮೀಟರುಗಟ್ಟಲೆ ಆಳದಲ್ಲಿ ನಿಧಾನವಾಗಿ ಆರಿ ಗಟ್ಟಿಯಾಯಿತು, ಹೊರಗೆ ಚಿಮ್ಮಲೇ ಇಲ್ಲ. ನಿಧಾನವಾಗಿ ಆರಿದ್ದರಿಂದಲೇ ಅದರ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು. ಶಿವಗಂಗೆ, ಸಾವನದುರ್ಗ, ರಾಮನಗರದ ಬೆಟ್ಟಗಳು ಸೇರುವ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಯ ವಯಸ್ಸು ಸುಮಾರು 252 ಕೋಟಿ ವರ್ಷ. ಅದರ ಅಕ್ಕಪಕ್ಕದ ನೈಸ್ ಶಿಲೆ ಇನ್ನೂ ಹಳೆಯದು. ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ ಎನ್ನುತ್ತಾರೆ. ಮೇಲಿದ್ದ ಹೊದಿಕೆಯನ್ನು ಮಳೆ, ಬಿಸಿಲು, ಹೊಳೆಗಳು ತಿಂದುಹಾಕಿದವು. ಬಿರುಕು ಹೆಚ್ಚಿದ್ದ ಕಲ್ಲು ಕೊಳೆತು ಮಣ್ಣಾಗಿ ಬಯಲಾಯಿತು, ಬಿರುಕು ಕಡಿಮೆಯಿದ್ದದ್ದು ಉಳಿಯಿತು. ಮೇಲಿನ ಭಾರ ಇಳಿದಂತೆ ಉಳಿದ ಬಂಡೆ ಹಿಗ್ಗಿ, ಈರುಳ್ಳಿಯಂತೆ ಪದರ ಕಳಚುತ್ತ ಗುಂಡಗಾಯಿತು. ಬೆಟ್ಟ ಮೇಲೆದ್ದದ್ದಲ್ಲ, ಸುತ್ತಲಿನ ನೆಲ ತಗ್ಗಿತು.

ಹಾಗೆಂದು ಈ ಸೀಮೆಗೂ ಬೆಂಕಿಗೂ ಸಂಬಂಧವೇ ಇಲ್ಲ ಎನ್ನಲಾಗದು. ಬೆಂಗಳೂರಿನ ಸುತ್ತ ಡೈಕುಗಳ ದೊಡ್ಡ ಗುಂಪಿದೆ. ಸುಮಾರು 237 ಕೋಟಿ ವರ್ಷಗಳ ಹಿಂದೆ ಬಿರುಕುಗಳಲ್ಲಿ ನುಗ್ಗಿ ಬಂದ ಶಿಲಾರಸ, ಪೂರ್ವ-ಪಶ್ಚಿಮವಾಗಿ ಕಿಲೋಮೀಟರುಗಟ್ಟಲೆ ನೇರ ಗೋಡೆಗಳಂತೆ ಹೆಪ್ಪುಗಟ್ಟಿ ನಿಂತಿದೆ. ನಕ್ಷೆಯಲ್ಲಿ ಇದು ಕೆಲವೆಡೆ ಸಪೂರ ನೇರ ದಿಣ್ಣೆಯಾಗಿ ಕಾಣುತ್ತದೆ, ಕ್ವಾರಿಯವರ ಬಾಯಲ್ಲಿ ಇದೇ ಕರಿಕಲ್ಲು. ಆ ಬಿರುಕುಗಳ ಮೇಲ್ತುದಿಯಲ್ಲಿ ಜ್ವಾಲಾಮುಖಿಗಳು ಇದ್ದಿರಲೂಬಹುದು. ಇದ್ದಿದ್ದರೂ ಅವು ಸವೆದುಹೋಗಿವೆ. ಇನ್ನೂ ಹಳೆಯ ಲಾವಾ ಬೇಕೆಂದರೆ ಹೊಸಕೋಟೆಯಿಂದ ಪೂರ್ವಕ್ಕೆ ಕೋಲಾರದ ಚಿನ್ನದ ಗಣಿ ಸೀಮೆಗೆ ಹೋದರೆ ಸಾಕು. ಅಲ್ಲಿ ನೀರಿನಡಿ ಉಕ್ಕಿ ದಿಂಬಿನಾಕಾರಕ್ಕೆ ಗಟ್ಟಿಯಾದ ಲಾವಾ ಇದೆ, ಅದಕ್ಕೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಮಾನ್ಯತೆಯೂ ಇದೆ.

ನೀರು ಯಾವ ಕಡೆಗೆ?

ಬೆಟ್ಟದ ಚರಿತ್ರೆ ತಿಳಿಸುವ ಈ ಹಾಳೆಗಳು ಬೆಟ್ಟದ ಕೆಳಗಿನವರಿಗೆ ಮುಖ್ಯವಾಗುವುದು ನೀರಿನ ಕಾರಣಕ್ಕೆ. ಸಮೋನ್ನತಿ ರೇಖೆಗಳು ಹೊರಕ್ಕೆ ಉಬ್ಬಿದ ಮೂಗುಗಳನ್ನೆಲ್ಲ ಸೇರಿಸುತ್ತ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದರೆ ಅದೇ ನೀರು ಇಬ್ಭಾಗವಾಗುವ ಏಣು. ನಂದಿಯ ಸಾಲಿನಿಂದ ಹೊರಟ ಏಣು ದಕ್ಷಿಣಕ್ಕೆ ಬೆಂಗಳೂರಿನ ನಡುವೆ ಹಾದುಹೋಗುತ್ತದೆ. ಪಶ್ಚಿಮಕ್ಕೆ ಬಿದ್ದ ಮಳೆ ಅರ್ಕಾವತಿಯಾಗಿ ದೊಡ್ಡಬಳ್ಳಾಪುರದ ನಾಗರಕೆರೆ, ಹೆಸರಘಟ್ಟಗಳನ್ನು ಹಾದು ಕಾವೇರಿಗೆ ಸೇರುತ್ತದೆ. ಶಿವಗಂಗೆಯ ಬುಡದಿಂದ ಹೊರಟ ಕುಮುದ್ವತಿ ಅದಕ್ಕೆ ತಿಪ್ಪಗೊಂಡನಹಳ್ಳಿಯಲ್ಲಿ ಕೂಡುತ್ತದೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯಾಗಿ ದೇವನಹಳ್ಳಿ ತಾಲ್ಲೂಕು ಹಾದು ಹೊಸಕೋಟೆಯ ಕೆರೆ ತುಂಬಿಸಿ ತಮಿಳುನಾಡಿನ ಕಡಲೂರಿನ ಕಡೆಗೆ ಹೋಗುತ್ತದೆ. ಉತ್ತರಕ್ಕೆ ಬಿದ್ದದ್ದು ಉತ್ತರ ಪಿನಾಕಿನಿಯ ಪಾಲಾಗಿ ಆಂಧ್ರದ ನೆಲ್ಲೂರಿಗೆ. ಒಂದೇ ಮೋಡದ ನೀರಿಗೆ ಮೂರು ದಾರಿ.

ಹಳೆಯ ಹಾಳೆಗಳಲ್ಲಿ ಈ ಮೂರು ದಾರಿಗಳ ಉದ್ದಕ್ಕೂ ನೀಲಿ ಮಣಿಸರ. ಮೇಲಿನ ಕೆರೆ ಕೆಳಗಿನ ಕೆರೆಗೆ ಕೋಡಿಯ ನೀರು ಕೊಡುತ್ತ ಕಟ್ಟಿದ ಸರಪಣಿ ಅದು. ಹೊಸಕೋಟೆ ಕೆರೆಯ ಏರಿ ಎರಡು ಮೈಲಿ ಉದ್ದವೆಂದು ಹಳೆಯ ಗೆಜೆಟಿಯರ್ ದಾಖಲಿಸಿದೆ. ಬೆಂಗಳೂರಿಗೆ ಕೊಳವೆ ನೀರು ಕೊಡಲು 1894ರಲ್ಲಿ ಹೆಸರಘಟ್ಟವನ್ನೂ 1933ರಲ್ಲಿ ತಿಪ್ಪಗೊಂಡನಹಳ್ಳಿಯನ್ನೂ ಆಯ್ದುಕೊಂಡದ್ದು ಈ ಇಳಿಜಾರಿನ ಲೆಕ್ಕವನ್ನೇ ನೆಚ್ಚಿಕೊಂಡು.

ಇಳಿಜಾರು ಇಂದಿಗೂ ಹಾಗೇ ಇದೆ, ನೀರು ಮಾತ್ರ ಬರುತ್ತಿಲ್ಲ. ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ 1975ಕ್ಕೆ ಮೊದಲು ಸರಾಸರಿ ದಿನಕ್ಕೆ 38.5 ಕೋಟಿ ಲೀಟರ್ ಹರಿದು ಬರುತ್ತಿತ್ತು, 2000ದ ನಂತರ 6.5 ಕೋಟಿ ಲೀಟರಿಗೆ ಇಳಿಯಿತು. ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಮಳೆಯನ್ನಾಗಲಿ ಬಿಸಿಲನ್ನಾಗಲಿ ದೂರಲಿಲ್ಲ. ಬೋರ್‌ವೆಲ್‌ಗಳು ಅಂತರ್ಜಲವನ್ನು ಆಳಕ್ಕೆ ಇಳಿಸಿದ್ದು, ನೀಲಗಿರಿ ತೋಪುಗಳು ಹಬ್ಬಿದ್ದು ಮುಖ್ಯ ಕಾರಣಗಳೆಂದು ಅದು ಎತ್ತಿ ತೋರಿಸಿತು. ಹೊಸದಾಗಿ ನೀಲಗಿರಿ ನೆಡುವುದನ್ನು ಕರ್ನಾಟಕ ಸರ್ಕಾರ 2017ರಲ್ಲಿ ನಿಷೇಧಿಸಿತು. ಈಗ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕೆರೆಗಳಿಗೆ ಪಂಪು ಮಾಡಲಾಗುತ್ತಿದೆ. ಬೆಟ್ಟದಿಂದ ತಾನಾಗಿ ಇಳಿಯುತ್ತಿದ್ದ ನೀರಿನ ಬದಲು ನಗರದಿಂದ ಕರೆಂಟು ಸುಟ್ಟು ಏರಿಸಿದ ನೀರು.

ಹಾಳೆ ಹೇಳದಿರುವುದು

ಇಪ್ಪತ್ತು ಮೀಟರಿನ ಗೆರೆಗಳ ನಡುವೆ ಬಹಳಷ್ಟು ಅಡಗಿಕೊಳ್ಳುತ್ತದೆ. ಆರೇಳು ಮೀಟರಿನ ಏರಿ, ಎರಡು ಮೀಟರ್ ಆಳದ ರಾಜಕಾಲುವೆ, ಮಳೆ ಬಂದಾಗ ಬಡಾವಣೆಗೆ ನುಗ್ಗುವ ಅರ್ಧ ಮೀಟರ್ ನೀರು, ಇವು ಯಾವುವೂ ಸಮೋನ್ನತಿ ರೇಖೆಗೆ ಸಿಕ್ಕುವುದಿಲ್ಲ. ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಿ ಕಾಲುವೆಯೂ ಖರಾಬು ಜಮೀನೂ ಸರ್ವೆ ನಂಬರಿನ ಸಮೇತ ಇರುತ್ತವೆ. ಆದರೆ ಅದರಲ್ಲಿ ಎತ್ತರದ ಲೆಕ್ಕವಿಲ್ಲ. ನೀರು ಯಾವ ಕಡೆಗೆ ಹರಿಯುತ್ತದೆ ಎಂದು ಒಂದು ಹೇಳುತ್ತದೆ, ಯಾರ ಜಮೀನಿನ ಪಕ್ಕದಲ್ಲಿ ಹರಿಯುತ್ತದೆ ಎಂದು ಇನ್ನೊಂದು. ಎರಡನ್ನೂ ಒಟ್ಟಿಗೆ ಓದಬೇಕು.

ಕ್ವಾರಿಗಳಿಗೂ ಇದೇ ಮಾತು. ದೇವನಹಳ್ಳಿ ತಾಲ್ಲೂಕಿನ ಕೊಯಿರದ ಕಲ್ಲು ಕಟ್ಟಡದವರಿಗೆಲ್ಲ ಗೊತ್ತು. ಅಂಥ ಕಡೆ ಗುಡ್ಡ ಎಷ್ಟಿತ್ತು, ಎಷ್ಟು ಉಳಿದಿದೆ ಎಂಬ ವಾದ ಎದ್ದಾಗ ಹಳೆಯ ಹಾಳೆಯ ಗೆರೆಗಳಷ್ಟು ಖಚಿತವಾದ ಸಾಕ್ಷಿ ಸಿಗುವುದು ಕಷ್ಟ. ನೂರಾರು ಕೋಟಿ ವರ್ಷದ ಕಲ್ಲು ಮತ್ತೆ ಬೆಳೆಯುವುದಿಲ್ಲ.

ಒಂದು ಕಾಲಕ್ಕೆ ಈ ಹಾಳೆಗಳನ್ನು ಪಡೆಯಲು ಕಚೇರಿ ಅಲೆಯಬೇಕಿತ್ತು. 2005ರ ನಕ್ಷಾ ನೀತಿ ಸಾರ್ವಜನಿಕರಿಗೆಂದೇ ಬೇರೆ ಸರಣಿ ತಂದಿತು. 2017ರಲ್ಲಿ ‘ನಕ್ಷೆ’ ಎಂಬ ಜಾಲತಾಣದ ಮೂಲಕ ಅವು ಉಚಿತವಾಗಿ ಸಿಗತೊಡಗಿದವು. 2021ರ ಹೊಸ ನಿಯಮಗಳು ಭಾರತೀಯರು ತಾವೇ ಅಳೆದು ನಕ್ಷೆ ಮಾಡಲು ಇದ್ದ ತಡೆಗಳನ್ನು ಬಹುಮಟ್ಟಿಗೆ ತೆಗೆದುಹಾಕಿವೆ.

ಆದ್ದರಿಂದ ಓದುಗರಿಗೆ ಒಂದು ಮಾತು. ನಿಮ್ಮ ಊರಿನ ಹಾಳೆಯನ್ನು ಇಳಿಸಿಕೊಳ್ಳಿ. ಅದರ ಮೇಲೆ ನಿಮ್ಮ ಕೆರೆಗೆ ನೀರು ತರುವ ಹಳ್ಳವನ್ನು ಬೆಟ್ಟದವರೆಗೂ ಗೀಚಿ. ಗ್ರಾಮ ನಕಾಶೆಯನ್ನು ಪಕ್ಕದಲ್ಲಿಟ್ಟುಕೊಂಡು ಆ ದಾರಿಯಲ್ಲಿ ಒಮ್ಮೆ ನಡೆಯಿರಿ. ಹಳ್ಳ ಎಲ್ಲಿ ತುಂಡಾಗಿದೆ, ಯಾವ ಬೇಲಿಯ ಒಳಗೆ ಮಾಯವಾಗಿದೆ ಎಂಬುದನ್ನು ಬರೆದು ಗ್ರಾಮ ಪಂಚಾಯಿತಿಯ ಮುಂದಿಡಿ. ಶಾಲೆಯ ಮಕ್ಕಳೂ ಮಾಡಬಹುದಾದ ಕೆಲಸ ಇದು. ಮುಂದಿನ ಬಡಾವಣೆಗೆ ನೆಲ ಸಮ ಮಾಡುವ ಮುನ್ನವೇ ಇದನ್ನು ಮಾಡಬೇಕು.